ಮನೆಯ ಕಂಪ್ಯೂಟರಿನ ಉಗ್ರಾಣವನ್ನು ತೆರವು ಮಾಡುವ ಕ್ರಮ

ಮನೆವಾರ್ತೆಯಲ್ಲಿ ಉಗ್ರಾಣದ ಮೇಲ್ವಿಚಾರಣೆಯು ಎಷ್ಟು ಮುಖ್ಯವಾದ ಕೆಲಸವೆಂಬುದನ್ನು ನಮ್ಮ ಜಿಲ್ಲೆಯ ಹಿರಿಯ ಗೃಹಿಣಿಯರು ಚೆನ್ನಾಗಿ ಅರಿತಿದ್ದರು. ಪತ್ತಾಯದಲ್ಲಿ ಭತ್ತವೆಷ್ಟು, ಅಟ್ಟದ ಮೇಲೆ ಅಕ್ಕಿಯ ಮುಡಿಗಳೆಷ್ಟು, ಮಳೆಗಾಲಕ್ಕೆಂದು ಕೂಡಿಟ್ಟ ಉಪ್ಪು, ಮೆಣಸು, ಹುಣಸೆಹಣ್ಣುಗಳೆಷ್ಟು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತಿತ್ತು. ಹಳತನ್ನು ಯಾವಾಗ ತೆಗೆಯಬೇಕು, ಬಿತ್ತನೆಗೆಂದು ಇಟ್ಟುದನ್ನು ಯಾವ ಕಾರಣಕ್ಕೂ ಏಕೆ ಮುಟ್ಟಬಾರದು ಎಂಬ ವಿವೇಕವನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಈಗ ನಮ್ಮ ಮನೆಗಳಲ್ಲಿ ಇನ್ನೊಂದು ಉಗ್ರಾಣವು ಸೇರಿಕೊಂಡಿದೆ. 2020ನೆಯ ಇಸವಿಯಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಲ್ಪಟ್ಟು, ಪಾಠಗಳು ಮನೆಯಲ್ಲಿಯೇ ನಡೆಯಬೇಕಾಗಿ ಬಂದಾಗ, ಅದುವರೆಗೆ ಕಂಪ್ಯೂಟರನ್ನು ಕೊಳ್ಳದಿದ್ದ ಅನೇಕ ಕುಟುಂಬಗಳು ಕಷ್ಟಪಟ್ಟಾದರೂ ಒಂದನ್ನು ಕೊಂಡುತಂದುವು. ಆ ಯಂತ್ರಗಳಲ್ಲಿ ಹಲವು ಈಗ ತುಂಬಿಹೋಗಿವೆ. ಪರದೆಯ ಮೂಲೆಯಲ್ಲಿ ಸ್ಥಳ ಸಾಲದೆಂಬ ಎಚ್ಚರಿಕೆಯು ಕಾಣಿಸಿಕೊಳ್ಳುತ್ತದೆ, ಯಂತ್ರವು ನಿಧಾನವಾಗುತ್ತದೆ, ಮಗಳ ಪಾಠದ ಟಿಪ್ಪಣಿಯನ್ನು ಉಳಿಸಲೂ ಅದು ಒಪ್ಪುವುದಿಲ್ಲ. ಆಗ ಮನೆಯವರು ಅವಸರದಿಂದ ಕೈಗೆ ಸಿಕ್ಕಿದ್ದನ್ನು ಅಳಿಸಿಬಿಡುತ್ತಾರೆ, ಇಲ್ಲವೆ ಯಂತ್ರವನ್ನು ಅಂಗಡಿಗೆ ಒಯ್ದು ಯಾರ ಕೈಗಾದರೂ ಒಪ್ಪಿಸುತ್ತಾರೆ. ಎರಡೂ ಅಪಾಯದ ದಾರಿಗಳೇ. ಈ ಕೆಲಸವು ಮನೆಯ ಹೆಣ್ಣುಮಕ್ಕಳು ತಾವಾಗಿ ಮಾಡತಕ್ಕದ್ದು, ಮಾಡಬಲ್ಲದ್ದು. ಅದರ ಕ್ರಮವನ್ನು ತಾಯ್ತಂದೆಗಳಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿವರಿಸುವುದೇ ಈ ಪಾಠದ ಉದ್ದೇಶ.

1. ಉಗ್ರಾಣವೆಂದರೆ ಯಾವುದು?

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಕಂಪ್ಯೂಟರಿನಲ್ಲಿ ‘ಮೆಮೊರಿ’ ಎಂದು ಹೇಳುವುದು ಒಂದು, ‘ಸ್ಟೋರೇಜ್’ ಎಂದು ಹೇಳುವುದು ಇನ್ನೊಂದು. ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವ ಮಣೆಯೂ ಅದರ ಸುತ್ತಲಿನ ಜಾಗವೂ ಇದ್ದಂತೆ ಮೆಮೊರಿ. ಆ ಹೊತ್ತಿನ ಕೆಲಸ ಮುಗಿದರೆ ಅದು ತೆರವಾಗುತ್ತದೆ, ಯಂತ್ರವನ್ನು ನಿಲ್ಲಿಸಿದರೆ ಬರಿದಾಗುತ್ತದೆ. ಉಗ್ರಾಣದ ಕೋಣೆಯಂತೆ ಸ್ಟೋರೇಜ್. ದೀಪ ಆರಿಸಿದರೂ ಅಲ್ಲಿಟ್ಟದ್ದು ಅಲ್ಲಿಯೇ ಇರುತ್ತದೆ. ನಾವು ತೆರವು ಮಾಡಬೇಕಾದದ್ದು ಈ ಎರಡನೆಯದನ್ನು. ಹಳೆಯ ಯಂತ್ರಗಳಲ್ಲಿ ಇದು ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಾಗಿರುತ್ತದೆ. ಹೊಸ ಯಂತ್ರಗಳಲ್ಲಿ ಚಲಿಸುವ ಭಾಗವೇ ಇಲ್ಲದ ಎಸ್.ಎಸ್.ಡಿ. ಆಗಿರುತ್ತದೆ.

256 ಜಿ.ಬಿ. ಎಂದು ಕೊಂಡ ಯಂತ್ರವು 238 ಎಂದು ಮಾತ್ರ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದನೇ ಎಂದು ಕೆಲವರು ಕೇಳುವುದುಂಟು. ಮೋಸವಲ್ಲ, ಅಳತೆಯ ಭೇದ. ಡಿಸ್ಕನ್ನು ತಯಾರಿಸುವವರು ಸಾವಿರ ಸಾವಿರವಾಗಿ ಎಣಿಸುತ್ತಾರೆ. ವಿಂಡೋಸ್ 1,024 ಸಾವಿರದ ಸ್ಥಾನದಲ್ಲಿಟ್ಟು ಎಣಿಸುತ್ತದೆ. ಹಿಂದೆ ಊರಿಂದೂರಿಗೆ ಸೇರಿನ ಪ್ರಮಾಣ ಬೇರೆಯಾಗಿದ್ದಾಗ ಅದೇ ಅಕ್ಕಿ ಇಲ್ಲಿ ಹೆಚ್ಚಾಗಿ ಅಲ್ಲಿ ಕಡಿಮೆಯಾಗಿ ತೋರುತ್ತಿದ್ದಂತೆಯೇ ಇದು.

ಉಗ್ರಾಣವು ತುಂಬಿದರೆ ಯಂತ್ರವು ನಿಧಾನವಾಗುವುದೇಕೆ? ಕಂಪ್ಯೂಟರು ತನ್ನ ಕೆಲಸದ ನಡುವೆ ಅನೇಕ ತಾತ್ಕಾಲಿಕ ಫೈಲುಗಳನ್ನು ಉಗ್ರಾಣದಲ್ಲಿ ಇರಿಸುತ್ತದೆ. ಮೆಮೊರಿಯಲ್ಲಿ ಹಿಡಿಸದ್ದನ್ನೂ ಅಲ್ಲಿಯೇ ಸರಿಸುತ್ತದೆ. ಸುಧಾರಣೆಯ ಹೊಸ ಕಟ್ಟುಗಳು ಬಂದಾಗ ಅವುಗಳನ್ನು ಬಿಚ್ಚುವುದಕ್ಕೂ ಸ್ಥಳ ಬೇಕು. ಎಸ್.ಎಸ್.ಡಿ.ಗಂತೂ ಹಳೆಯ ಬರಹವನ್ನು ಸರಿಸಿ ಹೊಸತಕ್ಕೆ ಎಡೆಮಾಡಲು ಬರಿದಾದ ಖಾನೆಗಳು ಅವಶ್ಯ. ಆದುದರಿಂದ ಒಟ್ಟು ಸ್ಥಳದ ಐದರಲ್ಲೊಂದು ಪಾಲನ್ನಾದರೂ ಸದಾ ತೆರವಾಗಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

2. ತೂಕದ ಲೆಕ್ಕ

ಉಗ್ರಾಣದಲ್ಲಿ ಯಾವುದು ಎಷ್ಟು ಸ್ಥಳವನ್ನು ಹಿಡಿಯುತ್ತದೆಂಬುದನ್ನು ತಿಳಿಯದೆ ತೆರವು ಮಾಡಹೊರಡುವುದು ತಕ್ಕಡಿಯಿಲ್ಲದೆ ವ್ಯಾಪಾರ ಮಾಡಿದಂತೆ. ಆದುದರಿಂದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಕಂಪ್ಯೂಟರಿನ ಅತಿ ಚಿಕ್ಕ ವ್ಯಾವಹಾರಿಕ ಅಳತೆಗೆ ಬೈಟು ಎಂದು ಹೆಸರು. ಸಾವಿರ ಬೈಟುಗಳಿಗೆ ಒಂದು ಕೆ.ಬಿ., ಸಾವಿರ ಕೆ.ಬಿ.ಗಳಿಗೆ ಒಂದು ಎಂ.ಬಿ., ಸಾವಿರ ಎಂ.ಬಿ.ಗಳಿಗೆ ಒಂದು ಜಿ.ಬಿ. ಎಂದು ಸುಲಭವಾಗಿ ಇಟ್ಟುಕೊಳ್ಳೋಣ. ಯೂನಿಕೋಡಿನ ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೆ 3 ಬೈಟು ಬೇಕು. ‘ಮಂಗಳೂರು’ ಎಂಬ ಪದವನ್ನು ತೆಗೆದುಕೊಳ್ಳಿರಿ. ಮ, ಅನುಸ್ವಾರ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ, ಹೀಗೆ ಏಳು ಚಿಹ್ನೆಗಳು. ಒಟ್ಟು 21 ಬೈಟು. ಇಪ್ಪತ್ತು ಸಾವಿರ ಚಿಹ್ನೆಗಳುಳ್ಳ ಒಂದು ದೀರ್ಘ ಲೇಖನವು 60 ಕೆ.ಬಿ. ಮಾತ್ರ.

ಇನ್ನು ಚಿತ್ರಗಳು. ಈಗಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವು ಸಾಮಾನ್ಯವಾಗಿ 3 ಎಂ.ಬಿ. ಇರುತ್ತದೆಂದು ಇಟ್ಟುಕೊಂಡರೆ, ಒಂದೇ ಚಿತ್ರದ ಸ್ಥಳದಲ್ಲಿ ಅಂಥ 50 ಲೇಖನಗಳು ಹಿಡಿಸುವುವು. ವೀಡಿಯೊ ಇನ್ನೂ ಭಾರ. ಒಳ್ಳೆಯ ಸ್ಪಷ್ಟತೆಯಲ್ಲಿ ತೆಗೆದ ಒಂದು ನಿಮಿಷದ ವೀಡಿಯೊ ಸುಮಾರು 100 ಎಂ.ಬಿ. ಆಗುತ್ತದೆ, 4ಕೆ ಎಂಬ ಅತಿ ಸ್ಪಷ್ಟ ಕ್ರಮದಲ್ಲಾದರೆ ಅದರ ಮೂರು ಪಟ್ಟಿಗೂ ಏರಬಹುದು. ಇದಕ್ಕೆ ವಿರುದ್ಧವಾಗಿ, ವಾಟ್ಸಾಪಿನಲ್ಲಿ ಬರುವ ಒಂದು ನಿಮಿಷದ ಧ್ವನಿಸಂದೇಶವು ಸುಮಾರು 150 ಕೆ.ಬಿ.; ಹತ್ತು ನಿಮಿಷದ ಮಾತು ಒಂದು ಸೆಕೆಂಡಿನ ವೀಡಿಯೊದಷ್ಟೂ ತೂಗುವುದಿಲ್ಲ.

ನಮ್ಮ ಊರಿನದೇ ಒಂದು ಉದಾಹರಣೆಯಿಂದ ಇದು ಮನಸ್ಸಿನಲ್ಲಿ ನಿಲ್ಲಲಿ. ಫರ್ಡಿನಾಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾಯಿತು. ಅದರಲ್ಲಿ 1,700ಕ್ಕೂ ಮಿಕ್ಕಿದ ಪುಟಗಳಿವೆ. ಪುಟಕ್ಕೆ 5,000 ಚಿಹ್ನೆಗಳೆಂದು ಧಾರಾಳವಾಗಿ ಲೆಕ್ಕ ಹಿಡಿದು, ಎಲ್ಲವೂ ಕನ್ನಡವೆಂದೇ ಎಣಿಸಿದರೂ, ಇಡೀ ನಿಘಂಟಿನ ಅಕ್ಷರಗಳು 26 ಎಂ.ಬಿ.ಯಷ್ಟಾಗುವುವು. ಎಂದರೆ, ದಶಕಗಳ ಪರಿಶ್ರಮದ ಫಲವಾದ ಆ ಮಹಾಗ್ರಂಥವು ಮದುವೆಯ ವೀಡಿಯೊದ ಕಾಲು ನಿಮಿಷದ ಸ್ಥಳದಲ್ಲಿ ಹೆಚ್ಚುಕಡಿಮೆ ಹಿಡಿಸುತ್ತದೆ. ಅದೇ ಗ್ರಂಥದ ಪುಟಗಳನ್ನು ಒಂದೊಂದಾಗಿ ಚಿತ್ರ ತೆಗೆದು, ಪುಟಕ್ಕೆ 3 ಎಂ.ಬಿ.ಯಂತೆ ಇಟ್ಟರೆ, 5 ಜಿ.ಬಿ.ಗೂ ಮೀರುವುದು. ವಸ್ತುವೊಂದೇ, ಅದನ್ನು ಇಟ್ಟ ರೂಪಕ್ಕೆ ತಕ್ಕಂತೆ ತೂಕ ಬೇರೆ.

1956ರಲ್ಲಿ ಅಮೇರಿಕದ ಐ.ಬಿ.ಎಂ. ಸಂಸ್ಥೆಯು ಮೊತ್ತಮೊದಲು ಮಾರಾಟಕ್ಕೆ ತಂದ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅದರ ತೂಕ ಒಂದು ಟನ್ನಿನಷ್ಟು. ಅದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಇಂದಿನ ಒಂದೆರಡು ಛಾಯಾಚಿತ್ರಗಳಿಗೆ ಅದು ಸಾಕಾದೀತು. ಸ್ಥಳವು ಅಷ್ಟು ದುರ್ಲಭವಾಗಿದ್ದಾಗ ಜನರು ಅಳೆದು ಇಡುತ್ತಿದ್ದರು. ಈಗ ಅಳೆಯದೆ ತುಂಬುತ್ತೇವೆ. ತುಂಬಿದ ಮೇಲೆ ಅಳೆಯದೆ ಚೆಲ್ಲುತ್ತೇವೆ.

ಹೀಗೆ ಚೆಲ್ಲಿದುದರ ಫಲವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದುಃಖದಿಂದ ತಿಳಿಸಿದ್ದಾಳೆ. ಅವಳ ತಂದೆಯವರು ಕೊಲ್ಲಿಯ ದೇಶವೊಂದರಲ್ಲಿ ದುಡಿಯುತ್ತಿದ್ದರು. ಪ್ರತಿ ಶುಕ್ರವಾರ ರಜೆಯ ದಿನ ಮನೆಗೆ ಧ್ವನಿಸಂದೇಶವನ್ನು ಕಳುಹಿಸುವುದು ಅವರ ವಾಡಿಕೆ. ಅವು ಫೋನಿನಿಂದ ಮನೆಯ ಕಂಪ್ಯೂಟರಿಗೆ ಸೇರಿ ಒಂದು ಫೋಲ್ಡರಿನಲ್ಲಿದ್ದುವು. ತಂದೆಯವರು ತೀರಿಕೊಂಡ ಬಳಿಕ ಒಂದು ದಿನ ಯಂತ್ರವು ತುಂಬಿತೆಂದು, ಉಪಕಾರ ಮಾಡಬಂದ ಬಂಧುವೊಬ್ಬರು, ಸಾವಿರಾರು ಚಿಕ್ಕ ಫೈಲುಗಳಿದ್ದ ಆ ಫೋಲ್ಡರನ್ನೇ ಕಸವೆಂದು ತಿಳಿದು ಅಳಿಸಿಬಿಟ್ಟರು. ಒಂದೊಂದು ನಿಮಿಷದ 300 ಸಂದೇಶಗಳಿದ್ದರೂ ಅವುಗಳ ತೂಕ 45 ಎಂ.ಬಿ., ಎಂದರೆ ಅರ್ಧ ನಿಮಿಷದ ವೀಡಿಯೊದಷ್ಟು. ಅದೇ ಡಿಸ್ಕಿನಲ್ಲಿ ಒಂದೇ ಮದುವೆಯ ವೀಡಿಯೊ ಎರಡು ಕಡೆಗಳಲ್ಲಿ ಇದ್ದುದು ಆಮೇಲೆ ಕಂಡುಬಂತು. ಅದರ ಒಂದು ಪ್ರತಿಯನ್ನು ತೆಗೆದಿದ್ದರೆ ಹತ್ತಾರು ಜಿ.ಬಿ. ಸ್ಥಳ ಸಿಕ್ಕುತ್ತಿತ್ತು, ತಂದೆಯ ಸ್ವರವೂ ಉಳಿಯುತ್ತಿತ್ತು.

ಈ ಪಾಠದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ: ಕಂಪ್ಯೂಟರಿನಲ್ಲಿ ಭಾರವಾದದ್ದು ಬಹುಮಟ್ಟಿಗೆ ಬೆಲೆಯುಳ್ಳದ್ದಲ್ಲ, ಬೆಲೆಯುಳ್ಳದ್ದು ಬಹುಮಟ್ಟಿಗೆ ಭಾರವಾದದ್ದಲ್ಲ.

3. ಕಲ್ಲಚ್ಚು ಕಲಿಸುವ ಪಾಠ

ಸ್ಥಳವನ್ನು ಅಳಿಸಿ ಮತ್ತೆ ಬಳಸುವ ವಿದ್ಯೆ ನಮ್ಮ ಊರಿಗೆ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಇಲ್ಲಿ ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿತ್ತು. ಕಲ್ಲಚ್ಚಿನ ಕೆಲಸದಲ್ಲಿ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಅದರಿಂದ ಪ್ರತಿಗಳನ್ನು ತೆಗೆಯುತ್ತಾರೆ. ಅಂಥ ಕಲ್ಲುಗಳು ಬೆಲೆಯುಳ್ಳವು, ಭಾರವಾದವು. ಪುಟಕ್ಕೊಂದರಂತೆ ಶಾಶ್ವತವಾಗಿ ಇಟ್ಟುಕೊಳ್ಳಲು ಸಾಧ್ಯವಿಲ್ಲ. ಆದುದರಿಂದ ಕೆಲಸ ಮುಗಿದೊಡನೆ ಮರಳೂ ನೀರೂ ಹಾಕಿ ಕಲ್ಲನ್ನು ಉಜ್ಜಿ, ಹಿಂದಿನ ಬರಹವನ್ನು ಅಳಿಸಿ, ಮುಂದಿನ ಪುಟಕ್ಕೆ ಅದನ್ನೇ ಸಿದ್ಧಪಡಿಸುವುದು ಆ ಕಸುಬಿನ ಕ್ರಮ.

ಆದರೆ ಕಲ್ಲನ್ನು ಉಜ್ಜುವುದು ಯಾವಾಗ? ಬೇಕಾದಷ್ಟು ಪ್ರತಿಗಳು ಕಾಗದದ ಮೇಲೆ ಇಳಿದು, ಅವು ಸರಿಯಾಗಿವೆಯೆಂದು ಕಣ್ಣಾರೆ ಕಂಡ ಬಳಿಕವೇ. ಅದಕ್ಕೆ ಮೊದಲು ಉಜ್ಜುವವನನ್ನು ಯಾವ ಅಚ್ಚುಕೂಟದವರೂ ಕೆಲಸಕ್ಕೆ ಇಟ್ಟುಕೊಳ್ಳಲಾರರು. ನಮ್ಮ ಸಂಗತಿಯಲ್ಲಿಯೂ ಕ್ರಮ ಇದೇ: ಮೊದಲು ಪ್ರತಿ, ಬಳಿಕ ಪರೀಕ್ಷೆ, ಕೊನೆಗೆ ಅಳಿಸುವುದು.

ಪ್ರತಿಗಳು ಎಷ್ಟಿರಬೇಕು? ಬಲ್ಲವರು ‘ಮೂರು-ಎರಡು-ಒಂದು’ ಎಂಬ ಸೂತ್ರವನ್ನು ಹೇಳುತ್ತಾರೆ. ಒಟ್ಟು ಮೂರು ಪ್ರತಿಗಳು. ಅವು ಎರಡು ಬಗೆಯ ಸಾಧನಗಳಲ್ಲಿ. ಅವುಗಳಲ್ಲಿ ಒಂದು ಮನೆಯಿಂದ ಹೊರಗೆ. ಮನೆಯ ಕಂಪ್ಯೂಟರು, ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕು, ಮತ್ತು ತಂಗಿಯ ಮನೆಯಲ್ಲೋ ಅಂತರ್ಜಾಲದ ಉಗ್ರಾಣದಲ್ಲೋ ಇರಿಸಿದ ಮೂರನೆಯ ಪ್ರತಿ, ಇಷ್ಟಾದರೆ ಸಾಕು. ವರುಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದು ಇನ್ನಷ್ಟು ಅಗತ್ಯ. ತೇವದಿಂದ ಹಳೆಯ ಸಿ.ಡಿ.ಗಳಿಗೆ ಬೂಸ್ಟು ಹಿಡಿಯುವುದನ್ನೂ, ಮಳೆಗಾಲಕ್ಕೆ ಮುಂಚಿನ ಮತ್ತು ಅನಂತರದ ಗುಡುಗು ಸಿಡಿಲುಗಳಿಗೆ ವಿದ್ಯುತ್ ಸಾಧನಗಳು ಸುಟ್ಟುಹೋಗುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಹೊರಗಿನ ಡಿಸ್ಕನ್ನು ನಕಲು ಮುಗಿದೊಡನೆ ಕಳಚಿ, ಮುಚ್ಚಳವು ಗಟ್ಟಿಯಾದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣದೊಡನೆ ಇಡತಕ್ಕದ್ದು. ಸದಾ ಜೋಡಿಸಿಯೇ ಇಟ್ಟ ಡಿಸ್ಕು ಸಿಡಿಲಿಗೆ ಕಂಪ್ಯೂಟರಿನೊಡನೆಯೇ ಹೋದೀತು.

4. ತೆರವು ಮಾಡುವ ಕ್ರಮ

ವಿಂಡೋಸ್ ಇರುವ ಯಂತ್ರಗಳೇ ಮನೆಗಳಲ್ಲಿ ಹೆಚ್ಚಾಗಿರುವುದರಿಂದ ಅದನ್ನನುಸರಿಸಿ ಹೇಳುತ್ತೇನೆ. ಕೆಳಗಿನ ಮೆಟ್ಟಲುಗಳನ್ನು ಈ ಅನುಕ್ರಮದಲ್ಲಿಯೇ ಏರಬೇಕು. ಮನೆಗೆ ಸಂಬಂಧಿಸಿದ ವಸ್ತುಗಳ ಸರದಿಯು ಬೇಕೆಂದೇ ಕೊನೆಗೆ ಇಡಲ್ಪಟ್ಟಿದೆ.

ಮೊದಲನೆಯದು, ಅಳತೆ. ‘ಸೆಟ್ಟಿಂಗ್ಸ್’ ತೆರೆದು, ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’ ಎಂಬಲ್ಲಿಗೆ ಹೋದರೆ ಯಾವ ಬಗೆಯ ವಸ್ತು ಎಷ್ಟು ಸ್ಥಳವನ್ನು ಹಿಡಿದಿದೆಯೆಂಬ ಪಟ್ಟಿ ಕಾಣುತ್ತದೆ. ಅದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಯಾವುದನ್ನೂ ಇನ್ನೂ ಮುಟ್ಟಬೇಡಿರಿ.

ಎರಡನೆಯದು, ನಿಶ್ಚಯವಾದ ಕಸ. ಆ ಪುಟದಲ್ಲಿಯೇ ‘ಟೆಂಪೊರರಿ ಫೈಲ್ಸ್’ ಎಂಬ ಭಾಗವಿದೆ. ಯಂತ್ರವು ತನ್ನ ಕೆಲಸಕ್ಕಾಗಿ ಮಾಡಿಕೊಂಡು ಮರೆತ ಫೈಲುಗಳನ್ನೂ, ಸುಧಾರಣೆಯ ಹಳೆಯ ಕಟ್ಟುಗಳನ್ನೂ ಇಲ್ಲಿಂದ ನಿರ್ಭಯವಾಗಿ ತೆಗೆಯಬಹುದು. ಆದರೆ ಒಂದು ಎಚ್ಚರಿಕೆ: ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇರುತ್ತದೆ. ಅದು ಕಸವಲ್ಲ; ನೀವು ಅಂತರ್ಜಾಲದಿಂದ ಇಳಿಸಿಕೊಂಡ ಎಲ್ಲ ವಸ್ತುಗಳ ಕೋಣೆ. ಅಂಕಪಟ್ಟಿ, ಪ್ರವೇಶಪತ್ರ, ತೆರಿಗೆಯ ರಶೀದಿಗಳು ಅನೇಕ ಮನೆಗಳಲ್ಲಿ ಅಲ್ಲಿಯೇ ಬಿದ್ದಿರುತ್ತವೆ. ಎಲ್ಲ ಚೌಕಗಳಿಗೂ ಗುರುತು ಹಾಕುವ ಆತುರದಲ್ಲಿ ಅದಕ್ಕೂ ಗುರುತು ಹಾಕಬಾರದು.

ಮೂರನೆಯದು, ಹಳೆಯ ವಿಂಡೋಸ್. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಆಧಾರವು 2025ರ ಅಕ್ಟೋಬರ್ 14ರಂದು ನಿಂತದ್ದರಿಂದ ಅನೇಕರು 11ಕ್ಕೆ ಏರಿದ್ದಾರೆ. ಹಾಗೆ ಏರಿದಾಗ ಹಳೆಯದೂ ಸ್ವಲ್ಪ ಕಾಲ ಮೂಲೆಯಲ್ಲಿ ಉಳಿದು ಬಹಳ ಸ್ಥಳವನ್ನು ಹಿಡಿದಿರುತ್ತದೆ. ಹಿಂದಿರುಗಬೇಕಾದರೆ ಇರಲೆಂದು ಅದನ್ನು ಸಾಮಾನ್ಯವಾಗಿ ಹತ್ತು ದಿನ ಇಟ್ಟು ಯಂತ್ರವೇ ತೆಗೆಯುತ್ತದೆ. ಹೊಸತು ಸರಿಯಾಗಿ ನಡೆಯುತ್ತಿದ್ದು, ಸ್ಥಳವು ಕೂಡಲೆ ಬೇಕಾದರೆ, ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್’ ಎಂಬುದನ್ನು ಮೇಲಿನ ಪಟ್ಟಿಯಿಂದಲೇ ತೆಗೆಯಬಹುದು. ತೆಗೆದ ಮೇಲೆ ಹಿಂದಕ್ಕೆ ದಾರಿಯಿಲ್ಲ.

ನಾಲ್ಕನೆಯದು, ಬಳಸದ ಕಾರ್ಯಕ್ರಮಗಳು. ಮಕ್ಕಳು ಹಾಕಿಸಿಕೊಂಡು ಬಿಟ್ಟ ಆಟಗಳು ಒಂದೊಂದೂ ಹತ್ತಾರು ಜಿ.ಬಿ. ಇರಬಹುದು. ಇವನ್ನು ‘ಆ್ಯಪ್ಸ್’ ಎಂಬ ಪಟ್ಟಿಯ ಮೂಲಕವೇ ತೆಗೆಯತಕ್ಕದ್ದು. ಫೋಲ್ಡರನ್ನು ಹುಡುಕಿ ಅಳಿಸುವುದು ಮರವನ್ನು ಕಡಿದು ಬೇರನ್ನು ಬಿಟ್ಟಂತೆ.

ಐದನೆಯದು, ಭಾರವಾದ ಫೈಲುಗಳು. ವೀಡಿಯೊಗಳ ಫೋಲ್ಡರನ್ನು ತೆರೆದು, ವಿವರವಾದ ಪಟ್ಟಿಯ ರೂಪದಲ್ಲಿಟ್ಟು, ‘ಸೈಜ್’ ಎಂಬ ಶಿರೋನಾಮೆಯನ್ನು ಒತ್ತಿದರೆ ದೊಡ್ಡವು ಮೇಲಕ್ಕೆ ಬರುತ್ತವೆ. ಮೊದಲ ಇಪ್ಪತ್ತನ್ನು ಮಾತ್ರ ನೋಡಿರಿ. 2020 ಮತ್ತು 2021ರ ತರಗತಿಗಳ ಧ್ವನಿಚಿತ್ರಗಳು, ನೋಡಿ ಮುಗಿದ ಸಿನೆಮಾಗಳು, ಎರಡು ಮೂರು ಕಡೆಗಳಲ್ಲಿರುವ ಒಂದೇ ಸಮಾರಂಭದ ವೀಡಿಯೊ, ಇವುಗಳನ್ನು ವಿಚಾರಿಸಿದರೆ ಬೇಕಾದ ಸ್ಥಳವು ಸಾಮಾನ್ಯವಾಗಿ ಇಲ್ಲಿಯೇ ದೊರೆಯುತ್ತದೆ. ಸಾವಿರ ಚಿಕ್ಕ ಫೈಲುಗಳನ್ನು ಜಾಲಾಡುವ ಶ್ರಮವು ಉಳಿಯುತ್ತದೆ.

ಆರನೆಯದು, ಒಂದರ ಮೇಲೊಂದು ಬಿದ್ದ ನಕಲುಗಳು. ವರುಷಕ್ಕೊಮ್ಮೆ ಫೋನನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡುವವರ ಮನೆಯಲ್ಲಿ ಮೊದಲ ವರುಷದ ಚಿತ್ರಗಳು ಮೂರು ನಾಲ್ಕು ಸಲ ಬಂದಿರುತ್ತವೆ. ಪೂರ್ಣವಾದ ಒಂದನ್ನು ಆರಿಸಿ, ಉಳಿದವುಗಳಲ್ಲಿ ಅದರಲ್ಲಿಲ್ಲದ್ದು ಏನಾದರೂ ಇದೆಯೇ ಎಂದು ಹೋಲಿಸಿ ನೋಡಿ, ಅನಂತರವೇ ತೆಗೆಯಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರವು ಸಾಮಾನ್ಯವಾಗಿ ಕುಗ್ಗಿಸಲ್ಪಟ್ಟದ್ದು. ನೋಡಲು ಒಂದೇ ತೋರಿದರೂ ದೊಡ್ಡದಾಗಿ ಅಚ್ಚು ಹಾಕಿಸಿದಾಗ ಭೇದವು ತಿಳಿಯುತ್ತದೆ. ಆದುದರಿಂದ ಒಂದೇ ಚಿತ್ರದ ಎರಡು ಪ್ರತಿಗಳಿದ್ದರೆ ಚಿಕ್ಕದನ್ನು ತೆಗೆದು ಮೂಲವನ್ನು ಇಡಿರಿ. ಇದೊಂದೆಡೆಯಲ್ಲಿ ಮಾತ್ರ ಭಾರವಾದದ್ದೇ ಉಳಿಯತಕ್ಕದ್ದು.

ಏಳನೆಯದು, ಸ್ಥಳಾಂತರ. ಇಷ್ಟಾದರೂ ಸ್ಥಳವು ಸಾಲದಿದ್ದರೆ ಬೇಕಾದ ವೀಡಿಯೊಗಳನ್ನು ಹೊರಗಿನ ಡಿಸ್ಕಿಗೆ ಒಯ್ಯಬೇಕು. ಒಯ್ಯುವುದೆಂದರೆ ಮೊದಲು ನಕಲು ಮಾಡುವುದು. ಆ ನಕಲಿನಲ್ಲಿ ಹತ್ತಾರನ್ನು ತೆರೆದು ನೋಡುವುದು. ಎರಡನೆಯ ಪ್ರತಿಯೂ ಎಲ್ಲಾದರೂ ಇದೆಯೆಂದು ಖಂಡಿತಪಡಿಸಿಕೊಳ್ಳುವುದು. ಬಳಿಕವೇ ಇಲ್ಲಿಂದ ಅಳಿಸುವುದು. ಒಂದೇ ಪ್ರತಿಯನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಅದು ಇನ್ನೂ ಒಂದೇ ಪ್ರತಿಯಲ್ಲವೆ?

ಚಿತ್ರಗಳನ್ನೂ ವೀಡಿಯೊಗಳನ್ನೂ ‘ಜಿಪ್’ ಮಾಡಿದರೆ ಸ್ಥಳವು ಉಳಿಯುವುದೆಂದು ಕೆಲವರು ತಿಳಿದಿದ್ದಾರೆ. ಅಕ್ಷರಗಳ ಫೈಲುಗಳಿಗೆ ಅದು ನಿಜ. ಫೋನಿನ ಚಿತ್ರಗಳೂ ವೀಡಿಯೊಗಳೂ ಮಾತ್ರ ಹುಟ್ಟುವಾಗಲೇ ಕುಗ್ಗಿಸಲ್ಪಟ್ಟಿರುತ್ತವೆ. ಬೈಹುಲ್ಲಿನ ಹಗ್ಗದಿಂದ ಒಮ್ಮೆ ಬಿಗಿದು, ಬಡಿದು ಕಟ್ಟಿದ ಅಕ್ಕಿಮುಡಿಯನ್ನು ಮತ್ತೊಮ್ಮೆ ಬಿಗಿದರೆ ಅದು ಕಿರಿದಾಗಲಾರದು.

5. ಮುಟ್ಟಬಾರದವುಗಳು

‘ವಿಂಡೋಸ್’, ‘ಪ್ರೋಗ್ರಾಮ್ ಫೈಲ್ಸ್’ ಎಂಬ ಹೆಸರಿನ ಫೋಲ್ಡರುಗಳು ಎಷ್ಟೇ ದೊಡ್ಡವಾಗಿ ತೋರಿದರೂ ಅವುಗಳೊಳಗೆ ಕೈಯಿಕ್ಕಿ ಅಳಿಸಕೂಡದು. ಅವು ಮನೆಯ ಕಂಬ, ತೊಲೆಗಳಿದ್ದಂತೆ.

ಕನ್ನಡಿಗರಾದ ನಾವು ವಿಶೇಷವಾಗಿ ಕಾಪಾಡಬೇಕಾದ ಇನ್ನೊಂದು ವಸ್ತುವುಂಟು. ಯೂನಿಕೋಡು ರೂಢಿಗೆ ಬರುವುದಕ್ಕೆ ಮುಂಚೆ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳಿಂದ ನಾವು ಕನ್ನಡವನ್ನು ಬೆರಳಚ್ಚು ಮಾಡುತ್ತಿದ್ದೆವು. ನುಡಿಯ ಕೀಲಿಮಣೆಯ ವಿನ್ಯಾಸಕ್ಕೆ ಆಧಾರವನ್ನು ಒದಗಿಸಿದ ಕೆ. ಪಿ. ರಾವ್ ಅವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರೆಂಬುದು ನಮಗೆ ಅಭಿಮಾನದ ಸಂಗತಿ. ಆ ಕಾಲದ ಬಹುಮಂದಿಯ ಬರಹಗಳು ಆಯಾ ತಂತ್ರಾಂಶದ ಫಾಂಟುಗಳನ್ನೇ ನಂಬಿಕೊಂಡಿವೆ. ಬಳಸದ ವಸ್ತುವೆಂದು ಆ ಫಾಂಟನ್ನು ತೆಗೆದುಬಿಟ್ಟರೆ, ಅಜ್ಜಿಯ ಅಡಿಗೆಯ ಟಿಪ್ಪಣಿಯಾಗಲಿ, ತಂದೆಯವರ ವಂಶಾವಳಿಯಾಗಲಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದು. ಬರಹವು ಕೆಟ್ಟಿತೆಂದು ತಿಳಿದು ಅದನ್ನೂ ಅಳಿಸಿದವರಿದ್ದಾರೆ. ಅದು ಕೆಟ್ಟಿಲ್ಲ, ಓದುವ ಕನ್ನಡಕವು ಮಾತ್ರ ಕಳೆದಿದೆ. ಅಂಥ ಬರಹಗಳನ್ನು ಪರಿವರ್ತಕಗಳ ಮೂಲಕ ಯೂನಿಕೋಡಿಗೆ ಮಾರ್ಪಡಿಸಿ, ತಪ್ಪಿಲ್ಲವೆಂದು ಓದಿ ನೋಡುವವರೆಗೆ ಫಾಂಟನ್ನು ತೆಗೆಯಬೇಡಿರಿ. ಅದರ ತೂಕವೂ ಅತ್ಯಲ್ಪ.

ಇನ್ನು, ‘ನಿಮ್ಮ ಕಂಪ್ಯೂಟರು ತುಂಬಿದೆ, ಇಲ್ಲಿ ಒತ್ತಿರಿ’ ಎಂದು ಅಂತರ್ಜಾಲದ ಪುಟಗಳಲ್ಲಿ ಹೊಳೆಯುವ ಜಾಹೀರಾತುಗಳನ್ನು ನಂಬಬಾರದು. ಫೋನಿನಲ್ಲಿ ಮಾತನಾಡಿ, ದೂರದಿಂದ ನಿಮ್ಮ ಯಂತ್ರವನ್ನು ನಡೆಸುವ ಕಾರ್ಯಕ್ರಮವನ್ನು ಹಾಕಿಸಲು ಹೇಳುವ ಅಪರಿಚಿತರಿಗೆ ಕಿವಿಗೊಡಲೂ ಬಾರದು. ಅಂಥವರಿಂದ ಹಣದ ನಷ್ಟವಾದರೆ ಕೂಡಲೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು.

6. ದೂರದ ಉಗ್ರಾಣ

ಗೂಗಲ್, ಮೈಕ್ರೋಸಾಫ್ಟ್ ಮೊದಲಾದ ಸಂಸ್ಥೆಗಳು ಅಂತರ್ಜಾಲದಲ್ಲಿ ಸ್ಥಳವನ್ನು ಕೊಡುತ್ತವೆ. ಗೂಗಲ್ ಕೊಡುತ್ತ ಬಂದಿರುವ 15 ಜಿ.ಬಿ. ಉಚಿತ ಸ್ಥಳವು ಪತ್ರ, ಕಡತ, ಚಿತ್ರ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸದಾಗಿ ಸೇರಿಸಿದ ಚಿತ್ರಗಳೂ ಆ ಲೆಕ್ಕಕ್ಕೆ ಬರುತ್ತವೆ. ಇದನ್ನು ಬಳಸುವವರು ಒಂದು ಭೇದವನ್ನು ತಿಳಿದಿರಬೇಕು. ಎರಡು ಕಡೆಗಳನ್ನು ಸದಾ ಸರಿಸಮವಾಗಿಡುವ ವ್ಯವಸ್ಥೆ ಬೇರೆ, ಪ್ರತಿಯನ್ನು ತೆಗೆದಿಡುವುದು ಬೇರೆ. ಸರಿಸಮವಾಗಿಡುವ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕನ್ನಡಿಯೊಳಗಿನ ದೀಪವು ಎರಡನೆಯ ದೀಪವಲ್ಲ. ಒನ್‌ಡ್ರೈವಿನಲ್ಲಿರುವ ಫೈಲನ್ನು ಯಂತ್ರದಿಂದ ಮಾತ್ರ ಇಳಿಸಬೇಕಾದರೆ ‘ಡಿಲೀಟ್’ ಒತ್ತದೆ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನು ಆರಿಸತಕ್ಕದ್ದು.

7. ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?

ಅಳಿಸಿದ ಫೈಲು ಮೊದಲು ‘ರಿಸೈಕಲ್ ಬಿನ್’ ಎಂಬ ಬುಟ್ಟಿಗೆ ಬೀಳುತ್ತದೆ. ಬುಟ್ಟಿಯನ್ನು ಬರಿದುಮಾಡುವವರೆಗೆ ಸ್ಥಳವು ಸಿಕ್ಕುವುದಿಲ್ಲ. ಬರಿದುಮಾಡುವುದಕ್ಕೆ ಒಂದು ವಾರ ತಡೆಯುವುದು ಲೇಸು, ಯಾಕಂದರೆ ಮನೆಯಲ್ಲಿ ಯಾರಿಗಾದರೂ ಏನಾದರೂ ಬೇಕಾಗಿದ್ದರೆ ಅಷ್ಟರಲ್ಲಿ ತಿಳಿಯುವುದು. ಪೆನ್ ಡ್ರೈವಿನಿಂದ ಅಳಿಸಿದ್ದಕ್ಕೆ ಸಾಮಾನ್ಯವಾಗಿ ಈ ಬುಟ್ಟಿಯ ರಕ್ಷಣೆಯಿಲ್ಲ. ಅದು ನೇರವಾಗಿ ಹೋಗುತ್ತದೆ.

ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬುಟ್ಟಿಯನ್ನು ಬರಿದುಮಾಡಿದ ಮೇಲೂ ಬರಹವು ಒಡನೆ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರು ಮಾತ್ರ ಹೋಗಿ, ಪುಟವು ಹಾಗೆಯೇ ಉಳಿದಿರುತ್ತದೆ. ಮೇಲೆ ಹೊಸ ಬರಹ ಬಿದ್ದಾಗಲೇ ಅದರ ನಾಶ. ಇದರಿಂದ ಎರಡು ಸಂಗತಿಗಳನ್ನು ತಿಳಿಯಬೇಕು. ಬೇಕಾದದ್ದು ಕೈತಪ್ಪಿ ಹೋದರೆ ಆ ಯಂತ್ರವನ್ನು ಮತ್ತೆ ಬಳಸದೆ ನಿಲ್ಲಿಸಿ, ಬಲ್ಲವರನ್ನು ಕೇಳಬೇಕು. ಮರಳಿ ದೊರೆಯುವ ಆಶೆಯುಂಟು. ಎಸ್.ಎಸ್.ಡಿ.ಯಲ್ಲಿ ಮಾತ್ರ ಈ ಆಶೆ ಬಹಳ ಕಡಿಮೆ. ಮತ್ತೊಂದು, ಹಳೆಯ ಯಂತ್ರವನ್ನು ಮಾರುವಾಗ ಇಲ್ಲವೆ ದಾನ ಮಾಡುವಾಗ ಬರಿದೆ ಅಳಿಸಿದರೆ ಸಾಲದು. ಮನೆಯ ಹೆಣ್ಣುಮಕ್ಕಳ ಚಿತ್ರಗಳನ್ನು ಬೇರೆಯವರು ಹೊರಗೆ ತೆಗೆಯಬಹುದು. ‘ರೀಸೆಟ್’ ಮಾಡುವಾಗ ಎಲ್ಲವನ್ನೂ ತೆಗೆಯುವ ಆಯ್ಕೆಯೊಡನೆ ‘ಕ್ಲೀನ್ ಡೇಟಾ’ ಎಂಬುದನ್ನೂ ಆರಿಸಿದರೆ ಡಿಸ್ಕು ಇನ್ನಷ್ಟು ಶುದ್ಧವಾಗುತ್ತದೆ.

8. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಮೇಲಿನ ಪಾಠವು ಓದಿದಷ್ಟರಿಂದ ಕೈಗೂಡದು. ತಾಯಂದಿರು ತಮ್ಮ ಮಗಳೊಡನೆ ಕುಳಿತು ಈ ಅಭ್ಯಾಸಗಳನ್ನು ಮಾಡಿಸಬೇಕೆಂದು ಕೋರುತ್ತೇನೆ.

ಒಂದು: ನಿಮ್ಮ ಕಂಪ್ಯೂಟರಿನ ಒಟ್ಟು ಸ್ಥಳವೆಷ್ಟು, ತೆರವಾಗಿರುವುದೆಷ್ಟು, ಐದರಲ್ಲೊಂದು ಪಾಲಿಗೆ ಇನ್ನೆಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿರಿ.

ಎರಡು: ಯಂತ್ರದಲ್ಲಿರುವ ಅತಿ ಭಾರವಾದ ಹತ್ತು ಫೈಲುಗಳ ಪಟ್ಟಿಯನ್ನು ಬರೆಯಿರಿ. ಮಗ್ಗುಲಲ್ಲಿ, ಕಳೆದುಹೋದರೆ ಮತ್ತೆ ಎಲ್ಲಿಯೂ ಸಿಕ್ಕದ ಹತ್ತು ವಸ್ತುಗಳ ಪಟ್ಟಿಯನ್ನು ಬರೆಯಿರಿ. ಎರಡೂ ಪಟ್ಟಿಗಳಲ್ಲಿ ಎಷ್ಟು ಹೆಸರುಗಳು ಸಮಾನವಾಗಿವೆ?

ಮೂರು: ಎರಡನೆಯ ಪಟ್ಟಿಯ ವಸ್ತುಗಳನ್ನು ಹೆಸರೂ ವರುಷವೂ ಸ್ಪಷ್ಟವಾಗಿ ಕಾಣುವ ಒಂದೇ ಫೋಲ್ಡರಿನಲ್ಲಿ ಸೇರಿಸಿರಿ. ಚಿತ್ರದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರ ಬಳಿ ಕೇಳಿ ಹೆಸರುಗಳನ್ನು ಇಂದೇ ಬರೆದಿಡಿರಿ. ಯಾರದೆಂದು ತಿಳಿಯದ ಚಿತ್ರವನ್ನು ಮುಂದಿನ ತಲೆಮೊರೆಯು ಕಸವೆಂದೇ ಎಣಿಸುವುದು.

ನಾಲ್ಕು: ಆ ಫೋಲ್ಡರಿನ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆಗಳಲ್ಲಿ ಮಾಡಿ, ತೆರೆದು ಪರೀಕ್ಷಿಸಿರಿ. ಈ ನಾಲ್ಕನೆಯದು ಮುಗಿಯುವವರೆಗೆ ಮನೆಯ ಯಾವ ಚಿತ್ರವನ್ನೂ ಧ್ವನಿಯನ್ನೂ ಪತ್ರವನ್ನೂ ಅಳಿಸಬೇಡಿರಿ.

ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಮನೆವಾರ್ತೆಯೂ ಕಲಿಸಲ್ಪಡುತ್ತಿದ್ದುವು. ಮನೆಯ ಜೀವನವು ಯಾವುದರಲ್ಲಿ ಅಡಗಿದೆಯೋ ಅದನ್ನು ಹುಡುಗಿಯು ತಾನೇ ನಡೆಸಬಲ್ಲವಳಾಗಬೇಕೆಂಬುದೇ ಅದರ ಅರ್ಥವಾಗಿತ್ತು. ಇಂದು ಕುಟುಂಬದ ಪತ್ರಗಳು, ಮುಖಗಳು, ಸ್ವರಗಳು ಈ ಚಿಕ್ಕ ಪೆಟ್ಟಿಗೆಯಲ್ಲಿ ಸೇರಿವೆ. ತಿಂಗಳಿಗೊಂದು ಶನಿವಾರದ ಒಂದು ಗಂಟೆಯನ್ನು ಇದಕ್ಕೆ ಕೊಟ್ಟರೆ, ಉಗ್ರಾಣವು ತೆರವಾಗಿಯೂ ಇರುವುದು. ಬಿತ್ತನೆಯ ಭತ್ತವೂ ಉಳಿಯುವುದು.